ಅಂಗೈಯಗಲದ ಜಾಗ

"ಮೂಲೆಗಳನ್ನೆಲ್ಲ ಬೋಳು ಮಾಡಿಬಿಡಿ" ಎಂದಳು ಅವಳು, ಬಾಗಿಲಲ್ಲೇ ನಿಂತು.

ಬಡಗಿಗೆ ಚುರ್ರೆಂದಿತು. ಮೂಲೆ ಕೂಡಿಸುವುದರಲ್ಲಿ ತನಗೆ ಸಮನಿಲ್ಲ ಎಂದು ಒಳಗೊಳಗೇ ಬೀಗುತ್ತಿದ್ದವನು ಅವನು. ಎರಡು ಹಲಗೆ ಸೇರುವಲ್ಲಿ ಕೂದಲೆಳೆಯೂ ತೂರಬಾರದು, ಅಂಚು ನೆಟ್ಟಗೆ ಚೂಪಾಗಿ ನಿಲ್ಲಬೇಕು. ಅದನ್ನೇ ಬೋಳು ಮಾಡು ಎಂದರೆ ಹೇಗೆ?

"ಬೋಳು ಅಂದ್ರೆ, ಸ್ವಲ್ಪ ಉಜ್ಜೋದಾ ಮೇಡಂ?"

"ಸ್ವಲ್ಪ ಅಲ್ಲ. ಹೊಳೆಯಲ್ಲಿ ಉರುಳಿ ಉರುಳಿ ಬಂದ ಕಲ್ಲು ನೋಡಿದೀರಲ್ಲ, ಹಾಗೆ."

ಹೇಳಿದ್ದು ಹಿಡಿಸದಿದ್ದರೂ ಹೇಳಿದ ದನಿಗೆ ಅವನು ತಲೆಯೆತ್ತಿ ನೋಡಿದ. ಇನ್ನೊಂದು ಮಾತು ಆಡಲಿ ಎಂದು ಕಾಯಬೇಕೆನಿಸುವ ದನಿ. ಅದೇ ಅವಳ ಕಸುಬು. ಕಣ್ಣು ಕಾಣದವರಿಗಾಗಿ ಅವಳು ಮನೆಯಲ್ಲೇ ಕುಳಿತು ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುತ್ತಿದ್ದಳು. ಆದರೆ ಕತೆಯೊಳಗಿನ ರಾಜಕುಮಾರಿ ಕಣ್ಣೀರಿಡುವಾಗ ಬೀದಿಯ ನಾಯಿ ಬೊಗಳುತ್ತಿತ್ತು, ಪಕ್ಕದ ಮನೆಯ ಬೈಕು ಗುಡುಗುತ್ತಿತ್ತು. ಅದಕ್ಕೇ ಕೋಣೆಯ ಮೂಲೆಯಲ್ಲಿ ಒಬ್ಬರು ಕೂರುವಷ್ಟು ಮರದ ಗೂಡೊಂದು ಬೇಕಾಗಿತ್ತು. ಒಳಗೆ ದಪ್ಪ ಬಟ್ಟೆಯ ಹೊದಿಕೆ, ಒಂದು ಕುರ್ಚಿ, ಸದ್ದು ತೂರದ ಬಾಗಿಲು.

ಬಡಗಿ ಅಳತೆ ಟೇಪು ಬಿಚ್ಚಿ ಅದರ ತುದಿಯನ್ನು ಅವಳತ್ತ ಚಾಚಿದ. "ಇದನ್ನ ಸ್ವಲ್ಪ ಹಿಡ್ಕೊಳ್ಳಿ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಎರಡೂ ಕೈ ಶಾಲಿನೊಳಗೇ ಇದ್ದವು. "ಗೋಡೆಗೆ ಸಿಕ್ಕಿಸಿಕೊಳ್ಳಿ, ಪ್ಲೀಸ್."

ಅವನು ತನ್ನ ಕೈ ನೋಡಿಕೊಂಡ. ಮರದ ಪುಡಿ, ಉಗುರಿನ ಸಂದಿಯಲ್ಲಿ ಅಂಟು, ಜಡ್ಡುಗಟ್ಟಿದ ಅಂಗೈ. ಓಹೋ, ಅದಕ್ಕಾ ಎಂದುಕೊಂಡ. ಆ ದಿನ ಅಳತೆಯನ್ನೆಲ್ಲ ಒಬ್ಬನೇ ತೆಗೆದ. ಚಿಕ್ಕಮ್ಮ ತಂದುಕೊಟ್ಟ ನೀರನ್ನು ಮಾತ್ರ ಕುಡಿದ, ಮಾತಾಡಲಿಲ್ಲ. ಚಿಕ್ಕಮ್ಮ ಎಂದರೆ ಅವಳ ತಾಯಿಯ ತಂಗಿ. ಆ ಮನೆಯಲ್ಲಿ ಇದ್ದವರು ಅವರಿಬ್ಬರೇ. ಒಬ್ಬಳು ಎಣಿಸಿದ ಹಾಗೆ ಮಾತಾಡುವವಳು, ಇನ್ನೊಬ್ಬಳು ಒಲೆಯ ಮೇಲಿಟ್ಟದ್ದು ಸೀದರೂ ಮಾತು ನಿಲ್ಲಿಸದವಳು.

ಗೂಡು ಎದ್ದು ನಿಂತಿತು. ಸಿಟ್ಟಿದ್ದರೂ ಕೆಲಸದಲ್ಲಿ ಅವನು ಮೋಸ ಮಾಡುವವನಲ್ಲ. ಮೂಲೆಗಳನ್ನು ಮಾತ್ರ ತನ್ನ ಹೆಮ್ಮೆಗೆ ಚೂಪಾಗಿಯೇ ಉಳಿಸಿದ್ದ. ಬಾಗಿಲಿಗೆ ಗುಂಡನೆಯ ಹಿತ್ತಾಳೆ ಹಿಡಿ ಹಾಕಿ, ಮುಖ ಕಾಣುವ ಹಾಗೆ ಉಜ್ಜಿ, "ನೋಡಿ ಮೇಡಂ" ಎಂದ.

ಅವಳು ಆ ಹಿಡಿಯನ್ನೇ ನೋಡುತ್ತ ನಿಂತಳು. ಮುಖ ಬಾಡಿತು.

"ಚೆನ್ನಾಗಿದೆ. ಆದ್ರೆ ಇದನ್ನ ತಿರುಗಿಸೋಕೆ ಬೆರಳು ಬೇಕು."

ಅವಳು ಶಾಲಿನಿಂದ ಕೈ ಹೊರಗೆ ತೆಗೆದದ್ದು ಆಗಲೇ. ಬೆರಳುಗಳು ಒಂದಕ್ಕೊಂದು ಕೂಡಿಕೊಂಡು, ತೆಳುವಾದ ಕೆಂಪು ಚರ್ಮದ ಚೀಲದೊಳಗೆ ಮಡಿಸಿಟ್ಟಂತಿದ್ದವು. ಹೆಬ್ಬೆರಳೊಂದು ಬೇರೆಯಾಗಿ ಉಳಿದಿತ್ತು. ಮಣಿಕಟ್ಟಿನ ಮೇಲೆ ಬಿಳಿ ಪಟ್ಟಿ. ಉಡುಪಿನ ತೋಳಿನ ಹೊಲಿಗೆ ಹೊರಗಡೆಗಿತ್ತು. ತಿರುವುಮುರುವು ತೊಟ್ಟಿದ್ದಾಳೆ ಎಂದು ಮೊದಲ ದಿನವೇ ಅವನು ಒಳಗೊಳಗೇ ನಕ್ಕಿದ್ದ. ಹೊಲಿಗೆ ಮೈಗೆ ಉಜ್ಜದಿರಲೆಂದೇ ಹಾಗೆ ತೊಟ್ಟದ್ದು ಎಂದು ಈಗ ಹೊಳೆಯಿತು.

"ನೀವು ಹಲಗೆ ಮೇಲೆ ಮೈಕಾ ಹಾಳೆ ಅಂಟಿಸ್ತೀರಾ?" ಎಂದು ಅವಳೇ ಕೇಳಿದಳು.

"ಅಂಟಿಸ್ತೀನಿ."

"ಕೆಳಗೆ ಅಂಟು ಸರಿಯಾಗಿ ಹಚ್ಚದೆ ಹೋದ್ರೆ?"

"ಗುಳ್ಳೆ ಏಳುತ್ತೆ. ಒತ್ತಿದ್ರೆ ಮೇಲಿನ ಪದರ ಜಾರುತ್ತೆ."

"ನನ್ನದೂ ಅದೇ ಕತೆ. ಮೇಲಿನ ಚರ್ಮನ ಕೆಳಗಿನದಕ್ಕೆ ಹಿಡಿದಿಡೋ ಕೊಂಡಿಗಳು ಇರ್ತವಂತೆ. ನನ್ನ ಮೈಗೆ ಅದನ್ನ ಕಟ್ಟೋಕೆ ಬರಲ್ಲ. ಉಜ್ಜಿದ್ರೆ ಗುಳ್ಳೆ, ಒಡೆದ್ರೆ ಗಾಯ, ಒಣಗಿದ್ರೆ ಬೆರಳಿಗೆ ಬೆರಳು ಕೂಡಿಕೊಳ್ಳುತ್ತೆ. ಹುಟ್ಟಿದಾಗಿನಿಂದ ಹೀಗೇ."

ಅವಳೇ ಸಣ್ಣಗೆ ನಕ್ಕಳು. "ಅಂಟುರೋಗ ಅಲ್ಲ, ಹೆದರಬೇಡಿ. ಮೈಯಲ್ಲಿ ಅಂಟೇ ಇಲ್ಲ, ಇನ್ನು ನಿಮಗೆಲ್ಲಿಂದ ಅಂಟಲಿ?"

"ಅದು... ಯಾಕೆ ಹಾಗಾಯ್ತು?"

"ಕೊಂಡಿ ಕಟ್ಟೋ ಬರಹ ಎಲ್ಲರಲ್ಲೂ ಎರಡೆರಡು ಪ್ರತಿ ಇರುತ್ತಂತೆ. ಅಪ್ಪನ ಒಂದು ಪ್ರತಿಯಲ್ಲಿ ತಪ್ಪಿತ್ತು, ಅಮ್ಮನ ಒಂದರಲ್ಲಿ. ಇಬ್ಬರಿಗೂ ಇನ್ನೊಂದು ಪ್ರತಿ ಸರಿಯಾಗಿತ್ತು, ಅದಕ್ಕೆ ಏನೂ ತೊಂದರೆ ಇರ್ಲಿಲ್ಲ. ಗೊತ್ತೂ ಇರ್ಲಿಲ್ಲ. ಎರಡು ತಪ್ಪೂ ಕೂಡಿ ನನ್ನ ಪಾಲಿಗೆ ಬಂದವು."

ಒಳಗಿನಿಂದ ಚಿಕ್ಕಮ್ಮ ಕೂಗಿದಳು. "ಡಾಕ್ಟರುಗಳು ಇಂಥ ಮಕ್ಕಳನ್ನ ಚಿಟ್ಟೆ ಅಂತಾರಪ್ಪ, ಚರ್ಮ ಅದರ ರೆಕ್ಕೆಯಷ್ಟು ನಾಜೂಕು ಅಂತ. ಯಾವ ಚಿಟ್ಟೆಗೆ ನಾನು ದಿನಾ ಇಷ್ಟು ಬ್ಯಾಂಡೇಜು ಒಗೆದು ಹಾಕ್ತೀನೋ ಕೇಳು."

ಬಡಗಿ ಹಿತ್ತಾಳೆ ಹಿಡಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಮರುದಿನ ಉದ್ದನೆಯದೊಂದು ಮರದ ಹಿಡಿ ಮಾಡಿ ತಂದ. ಮೊಣಕೈಯಿಂದ ಮೆಲ್ಲಗೆ ಒತ್ತಿದರೆ ಸಾಕು, ಬಾಗಿಲು ತೆರೆಯುತ್ತಿತ್ತು. ಆಮೇಲೆ ಮಂಡಿಯೂರಿ ಕುಳಿತು, ತಾನೇ ಹರಿತಗೊಳಿಸಿದ್ದ ಮೂಲೆಗಳನ್ನೆಲ್ಲ ಒಂದೊಂದಾಗಿ ಬೋಳು ಮಾಡತೊಡಗಿದ.

ಉಪ್ಪುಕಾಗದದಿಂದ ಉಜ್ಜಿ, ಪುಡಿ ಊದಿ, ಅಂಚಿನ ಮೇಲೆ ಕೆನ್ನೆಯಿಟ್ಟು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಎಳೆಯುತ್ತಿದ್ದ. ಕಣ್ಣು ಮುಚ್ಚಿರುತ್ತಿತ್ತು.

"ಏನು, ಮರವನ್ನ ಮುದ್ದು ಮಾಡ್ತಿದೀರಾ?" ಎಂದಳು ಅವಳು, ಹಿಂದಿನಿಂದ.

ಅವನ ಕಿವಿ ಕೆಂಪಾಯಿತು. "ಅಂಗೈ ಜಡ್ಡುಗಟ್ಟಿದೆ ಮೇಡಂ. ಸಿಬಿರಿದ್ರೂ ಗೊತ್ತಾಗಲ್ಲ. ಕೆನ್ನೆ ಸುಳ್ಳು ಹೇಳಲ್ಲ."

"ಎಲ್ಲಾದ್ರೂ ಚುಚ್ಚುತ್ತಾ?"

ಅವನು ಮತ್ತೊಮ್ಮೆ ಕೆನ್ನೆ ಎಳೆದು ನೋಡಿದ. "ಇಲ್ಲ."

"ಹಾಗಾದ್ರೆ ಇವತ್ತಿಂದ ನೀವು ಕೆನ್ನೆ ಮೇಸ್ತ್ರಿ."

ಮರುದಿನ ಅವನು ನುಣ್ಣಗೆ ಗಡ್ಡ ಬೋಳಿಸಿಕೊಂಡು ಬಂದ. ಗಡ್ಡವಿದ್ದರೆ ಸಿಬಿರು ಗೊತ್ತಾಗುವುದಿಲ್ಲ ಎಂದು ತನಗೆ ತಾನೇ ಸಬೂಬು ಹೇಳಿಕೊಂಡ. ಚಿಕ್ಕಮ್ಮ ಮೇಲಿಂದ ಕೆಳಗೆ ನೋಡಿ, "ಏನಪ್ಪಾ, ಮೇಜು ಕುರ್ಚಿಗಳ ಮದುವೆ ಇದೆಯಾ ಇವತ್ತು?" ಎಂದಳು.

ಗೂಡಿನ ಕೆಲಸ ಮುಗಿಯಿತು. ಬಡಗಿಯ ಕೆಲಸ ಮುಗಿಯಲಿಲ್ಲ.

ಬಾಗಿಲು ಕಿರ್ ಎನ್ನುತ್ತದೇನೋ ಎಂದು ಬಂದ. ಕುರ್ಚಿ ಅಲ್ಲಾಡುತ್ತದೇನೋ ಎಂದು ಬಂದ. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟ. ಸಂಜೆ ಅಂಗಡಿಯ ಬಾಗಿಲು ಹಾಕಿ ಬಂದು, ಸಾಮಾನು ಪೆಟ್ಟಿಗೆಯ ಮೇಲೆ ಕುಳಿತು, ಗೂಡಿಗೆ ತಾನೇ ಇಟ್ಟಿದ್ದ ಗಾಜಿನ ಕಿಂಡಿಯಲ್ಲಿ ನೋಡುತ್ತಿದ್ದ. ಒಳಗೆ ಅವಳ ತುಟಿ ಅಲುಗುತ್ತಿತ್ತು. ತಲೆಗೆ ಸುತ್ತಿದ ನೀಲಿ ವಸ್ತ್ರ, ಅದರ ಕೆಳಗೆ ಸಾಲಿನಿಂದ ಸಾಲಿಗೆ ಓಡುವ ಕಣ್ಣು. ಹಾಳೆಯನ್ನು ಹೆಬ್ಬೆರಳಿನ ಬದಿಯಿಂದ ಮೆಲ್ಲಗೆ ತಳ್ಳಿ ಮಗುಚುತ್ತಿದ್ದಳು. ಅವನು ಮಾಡಿದ ಬಾಗಿಲು ಅಷ್ಟು ಗಟ್ಟಿ. ಒಂದಕ್ಷರವೂ ಹೊರಗೆ ಬರುತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ತನ್ನ ಕೈಕೆಲಸದ ಮೇಲೆ ಅವನಿಗೆ ಬೇಸರವಾಯಿತು.

ಒಮ್ಮೆ ಅವಳು ಓದು ನಿಲ್ಲಿಸಿ, ಮೊಣಕೈಯಿಂದ ಬಾಗಿಲು ತೆರೆದಳು.

"ನಿಮ್ಮಿಂದ ಒಂದು ಸಾಲು ತಪ್ಪಿತು."

"ನಾನೇನು ಮಾಡಿದೆ? ಉಸಿರೂ ಗಟ್ಟಿಯಾಗಿ ಬಿಟ್ಟಿಲ್ಲ."

"ನೋಡಿದ್ರಿ."

"ನೋಡಿದ್ರೆ ಸದ್ದಾಗುತ್ತಾ?"

"ನನಗೆ ಕೇಳಿಸುತ್ತೆ" ಎಂದು ಹೇಳಿ ಅವಳು ಕಣ್ಣು ಬೇರೆ ಕಡೆ ತಿರುಗಿಸಿದಳು.

"ತಪ್ಪಿದ್ರೆ ಈಗೇನು ಮಾಡ್ತೀರಿ?"

"ಅದೇ ಸಾಲನ್ನ ಮತ್ತೆ ಓದ್ತೀನಿ. ತಪ್ಪಿದ್ದನ್ನ ಆಮೇಲೆ ತೆಗೆದು ಹಾಕ್ತಾರೆ, ಕೇಳುವವರಿಗೆ ಗೊತ್ತೇ ಆಗಲ್ಲ."

ಅವಳು ದಣಿದಿದ್ದಳು. ಬೆನ್ನಿನ ಮೇಲೊಂದು ಗಾಯ ವರ್ಷಗಳಿಂದ ಬಾಯಿ ಬಿಟ್ಟುಕೊಂಡೇ ಇತ್ತು. ಅದಕ್ಕೇ ಒರಗದೆ, ನೆಟ್ಟಗೆ, ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು. ಆ ದಿನ ಅದನ್ನೆಲ್ಲ ನೋಡುತ್ತ ನೋಡುತ್ತ ಅವನ ಬಾಯಿಂದ ಕೇಳಬಾರದ ಮಾತು ಬಂದುಬಿಟ್ಟಿತು.

"ಯಾರಾದ್ರೂ ನಿಮ್ಮನ್ನ ಮುಟ್ಟೋದು ಅಂತ ಇಲ್ಲವೇ ಇಲ್ವಾ?"

ತಪ್ಪು ಮಾಡಿದೆನೆಂದು ಅವನು ಎದ್ದು ನಿಲ್ಲುವಷ್ಟರಲ್ಲಿ, ಅವಳು ಉಡುಪಿನ ಎಡತೋಳನ್ನು ಹೆಬ್ಬೆರಳಿನಿಂದ ಮೆಲ್ಲಮೆಲ್ಲಗೆ ಮೇಲಕ್ಕೆ ಸರಿಸಿದಳು. ಮೊಣಕೈಯ ಕೆಳಗೆ, ಕೈಯ ಒಳಮೈಯಲ್ಲಿ, ಗಾಯದ ಕಲೆಗಳ ನಡುವೆ ಒಂದೇ ಒಂದು ಜಾಗ ನುಣ್ಣಗಿತ್ತು. ಅಂಗೈಯಗಲ. ಒರಟು ಹಲಗೆಯ ನಡುವೆ ಅಷ್ಟಕ್ಕೆ ಮಾತ್ರ ಯಾರೋ ಉಜ್ಜುಗೊರಡು ಹೊಡೆದ ಹಾಗೆ.

"ಇಲ್ಲಿ ಯಾವತ್ತೂ ಗುಳ್ಳೆ ಬಂದಿಲ್ಲ. ಇದಕ್ಕೆ ನಮ್ಮನೇಲಿ ಅಮ್ಮನ ಜಾಗ ಅಂತ ಹೆಸರು. ಬ್ಯಾಂಡೇಜ್ ಬಿಚ್ಚುವಾಗ ನಾನು ಕಿರುಚ್ತಿದ್ದೆ. ಅಮ್ಮ ಒಂದು ಕೈಯಲ್ಲಿ ಇಲ್ಲಿ ಹಿಡ್ಕೊಂಡು ಕತೆ ಹೇಳೋಳು. ಹಿಡಿದೂ ಹಿಡಿದೂ ಇಲ್ಲಿ ಚರ್ಮ ಗಟ್ಟಿಯಾಯ್ತು ಅಂತಿದ್ದಳು. ಅವಳು ಹೋದ ಮೇಲೆ ಖಾಲಿ ಬಿದ್ದಿದೆ."

"ಬಾಡಿಗೆಗೆ ಕೊಡ್ತೀರಾ?" ಎಂದ ಅವನು.

ಅವಳ ಕಣ್ಣಂಚಿನಲ್ಲಿ ನಗು ಮೂಡಿತು. "ಮರ್ಯಾದಸ್ಥರಿಗೆ ಮಾತ್ರ."

ಅವನು ಕೈ ಮುಂದೆ ಮಾಡಿದ. ತನ್ನ ಅಂಗೈಯನ್ನು ತಾನೇ ನೋಡಿದ. ಹಿಂದಕ್ಕೆ ತೆಗೆದುಕೊಂಡ.

"ಈ ಕೈಯಲ್ಲಿ ಬೇಡ. ಸ್ವಲ್ಪ ದಿನ ಕೊಡಿ."

ಅಂದಿನಿಂದ ಅವನು ದಿನಾ ಬಿಸಿನೀರಿನಲ್ಲಿ ಕೈ ನೆನೆಸಿ, ತೀರ ನಯವಾದ ಉಪ್ಪುಕಾಗದದಿಂದ ಜಡ್ಡು ಉಜ್ಜಿ ತೆಗೆದ, ಎಣ್ಣೆ ತಿಕ್ಕಿದ. ಕಸುಬಿಗೆ ಕೈಯಿಟ್ಟಾಗಿನಿಂದ ಬೆಳೆಸಿಕೊಂಡಿದ್ದ ಅಂಗೈಯನ್ನು ಸಿಪ್ಪೆಯ ಹಾಗೆ ಸುಲಿದುಕೊಂಡ. ಕೊನೆಗೆ ಅದು ಮಗುವಿನ ಕೈಯಷ್ಟು ಮೆತ್ತಗಾಯಿತು. ಮೊದಲು ತನ್ನ ಕೆನ್ನೆಗೇ ಇಟ್ಟು ನೋಡಿಕೊಂಡ. ಆಮೇಲೆ ಬಂದು, ಉಸಿರು ಬಿಗಿಹಿಡಿದು, ಅಮ್ಮನ ಜಾಗದ ಮೇಲೆ ಇಟ್ಟ.

ಬೆಚ್ಚಗಿತ್ತು. ಒಳಗೆ ನಾಡಿ ಓಡುತ್ತಿತ್ತು.

ಅವಳು ಗೋಡೆಯತ್ತ ಮುಖ ಮಾಡಿ ಕುಳಿತಿದ್ದಳು. ಅಡುಗೆಮನೆಯಲ್ಲಿ ಚಿಕ್ಕಮ್ಮ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದ್ದಳು, ಮಾತನ್ನೂ.

ಅವನ ಮೆತ್ತನೆಯ ಕೈ ಮಾತ್ರ ಅಂಗಡಿಯಲ್ಲಿ ಕೈಕೊಟ್ಟಿತು. ಗರಗಸ ಹಿಡಿದರೆ ಗುಳ್ಳೆ, ಉಳಿ ಹಿಡಿದರೆ ಗುಳ್ಳೆ. ಮುಚ್ಚಿಟ್ಟುಕೊಂಡು ಬಂದ. ಅವಳ ಕಣ್ಣಿಗೆ ಬೀಳದೆ ಇರುತ್ತದೆಯೆ?

"ತೋರಿಸಿ" ಎಂದಳು. ತೋರಿಸಿದ. ಅವಳು ನಗಲು ಹೋದಳು, ನಗು ಅರ್ಧಕ್ಕೇ ಒದ್ದೆಯಾಯಿತು. "ಮೇಲಿನ ಚರ್ಮ ಕಿತ್ತುಹಾಕಬೇಡಿ. ಸೂಜಿ ಕಾಯಿಸಿ, ಬದಿಯಲ್ಲಿ ಸಣ್ಣ ತೂತು ಮಾಡಿ ನೀರು ಬಿಡಬೇಕು. ಮೇಲಿನದು ಹಾಗೇ ಇದ್ರೆ ಅದೇ ಬ್ಯಾಂಡೇಜು. ಚಿಕ್ಕಮ್ಮಾ, ಇನ್ನೊಂದು ಗಿರಾಕಿ ಬಂದಿದೆ ನೋಡು."

ಚಿಕ್ಕಮ್ಮ ಸೂಜಿ ಹಿಡಿದು ಬಂದು, "ಒಬ್ಬಳದ್ದು ಸಾಲದು ಅಂತ" ಎಂದು ಗೊಣಗಿದಳು. ಆದರೆ ಅವನ ಕೈಯನ್ನು ಬಹಳ ಮೆಲ್ಲಗೆ ಹಿಡಿದುಕೊಂಡಳು.

ಎಡವಟ್ಟಾದದ್ದು ಆ ಗುಳ್ಳೆಗಳಿಂದಲೇ. ಅವನ ಕೈಯ ಗುಳ್ಳೆ ಒಣಗಿತು, ಒಣಗಿದಲ್ಲಿ ಚರ್ಮ ಮತ್ತೆ ಗಟ್ಟಿಯಾಗತೊಡಗಿತು. ಅವನು ಅದನ್ನು ಸವರಿ ಸವರಿ ನೋಡಿದ. ಅಮ್ಮ ಹೇಳಿದ್ದೂ ಇದನ್ನೇ ಅಲ್ಲವೆ? ಹಿಡಿದೂ ಹಿಡಿದೂ ಗಟ್ಟಿಯಾಯಿತು ಎಂದು? ಬಡಗಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

"ಒಂದು ಮಾತು ಹೇಳ್ಲಾ?" ಎಂದ. "ದಿನಾ ಒಂದು ಎಳೆಯಷ್ಟು ಆಚೆ ಹಿಡಿದ್ರೆ? ಒಂದೇ ಸಲ ಅಲ್ಲ, ಎಳೆ ಎಳೆಯಾಗಿ. ಜಾಗ ದೊಡ್ಡದಾದ್ರೂ ಆಗಬಹುದು."

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆ ನೋಟದ ಅರ್ಥ ಅವನಿಗಾದದ್ದು ಆಮೇಲೆ. ಹುಟ್ಟಿದಾಗಿನಿಂದ ಆ ಚರ್ಮದಲ್ಲಿ ಬದುಕಿದವಳಿಗೆ ಅದರ ಗುಣ ಗೊತ್ತಿರಲಿಲ್ಲವೆ? ಆದರೆ ಅಮ್ಮ ಹೇಳಿದ್ದು ನಿಜವಾಗಲಿ ಎಂಬ ಆಸೆ ಅದಕ್ಕಿಂತ ಹಳೆಯದು.

"ಹೂಂ" ಎಂದಳು.

ಕೆಲವು ದಿನ ಏನೂ ಆಗಲಿಲ್ಲ. ಇಬ್ಬರೂ ಮಕ್ಕಳ ಹಾಗೆ ಹಿಗ್ಗಿದರು. ಚಿಕ್ಕಮ್ಮನಿಗೆ ಸುಳಿವು ಕೊಡಲಿಲ್ಲ.

"ಹೀಗೇ ಹೋದ್ರೆ ಮೊಣಕೈ ದಾಟ್ತೀವಿ" ಎಂದ.

"ಭುಜಕ್ಕೆ ಬರೋ ಹೊತ್ತಿಗೆ ನಾನು ಮುದುಕಿ."

"ಆಗ ನಾನೂ ಮುದುಕನೇ ತಾನೆ?"

"ಮುದುಕ ಕೆನ್ನೆ ಮೇಸ್ತ್ರಿ. ಕೆನ್ನೆಯೆಲ್ಲ ಸುಕ್ಕು. ಯಾವ ಮರ ಮಾತಾಡಿಸುತ್ತೆ ನಿಮ್ಮನ್ನ?" ಎಂದು ಅವಳು ನಕ್ಕಳು. ಅಂಥ ನಗುವನ್ನು ಅವನು ಮತ್ತೆ ಕೇಳಲಿಲ್ಲ.

ಒಂದು ಸಂಜೆ ಕೈಯೆತ್ತಿದಾಗ ಅವನ ಹೆಬ್ಬೆರಳಿನ ಜತೆ ಏನೋ ಎದ್ದು ಬಂತು. ನೀರು ತುಂಬಿದ, ಎಲೆಯಷ್ಟು ತೆಳುವಾದ ಚರ್ಮ. ಅಮ್ಮನ ಜಾಗದ ಅಂಚಿನಿಂದಾಚೆ ಹಸಿ ಮಾಂಸ ಕೆಂಪಗೆ ತೆರೆದುಕೊಂಡಿತು.

ಅವಳು ಕಿರುಚಲಿಲ್ಲ. "ಪಕ್ಕಕ್ಕೆ ಎಳೀಬೇಡಿ. ನೇರ ಮೇಲಕ್ಕೆ ಎತ್ತಿ. ಹಾಗೆ. ಈಗ ಚಿಕ್ಕಮ್ಮನ್ನ ಕರೀರಿ" ಎಂದಳು. ದನಿ ಪುಸ್ತಕ ಓದುವಾಗಿನಷ್ಟೇ ಸಮನಾಗಿತ್ತು. ಅವನು ಚಿಕ್ಕಮ್ಮನನ್ನು ಕರೆದ. ಆಮೇಲೆ ಮೆಟ್ಟಿಲಿಳಿದು ಹೋದವನು ತಿರುಗಿ ಬರಲಿಲ್ಲ.

ಎಷ್ಟೋ ದಿನಗಳ ನಂತರ ಚಿಕ್ಕಮ್ಮನೇ ಅಂಗಡಿಗೆ ಬಂದಳು. ಮರದ ಪುಡಿಯ ನಡುವೆ ಸೆರಗು ಎತ್ತಿ ಹಿಡಿದು ನಿಂತಳು.

"ಬದುಕಿದೀಯಾ?"

"ಯಾವ ಮುಖ ಇಟ್ಕೊಂಡು ಬರ್ಲಿ ಚಿಕ್ಕಮ್ಮಾ?"

"ಇರೋ ಒಂದನ್ನೇ ಇಟ್ಕೊಂಡು ಬಾ. ನೋಡಪ್ಪ, ಗಾಯ ಆಗೋದು ಅವಳಿಗೆ ಹೊಸದಲ್ಲ. ಮಗ್ಗುಲು ಬದಲಿಸಿದ್ರೂ ಆಗುತ್ತೆ. ನೀನು ಎರಡು ಗಾಯ ಮಾಡಿ ಹೋದೆ. ಒಂದಕ್ಕೆ ನಾನು ಬ್ಯಾಂಡೇಜು ಕಟ್ತೀನಿ. ಇನ್ನೊಂದನ್ನ ನೀನೇ ಬಂದು ನೋಡ್ಕೋಬೇಕು." ಚಿಕ್ಕಮ್ಮ ಹೊರಡಲು ತಿರುಗಿದವಳು ನಿಂತಳು. "ನಾಳೆ ಡಾಕ್ಟರ ಹತ್ತಿರ ಹೋಗ್ಬೇಕು. ಬೆನ್ನಿನ ಗಾಯದ ಚೂರು ಪರೀಕ್ಷೆಗೆ ಕಳಿಸಿದ್ರು, ಆ ಒಳ್ಳೆ ಜಾಗದ್ದೂ ಕಳಿಸಿದ್ರು. ನನಗೊಬ್ಬಳಿಗೇ ಕೇಳೋಕೆ ಧೈರ್ಯ ಇಲ್ಲ."

ಅವನು ಹೋದ. ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಅವನತ್ತ ನೋಡದೆ, ಪಕ್ಕದಲ್ಲಿದ್ದ ಚೀಲವನ್ನು ಮೊಣಕೈಯಿಂದ ಆಚೆ ಸರಿಸಿ ಜಾಗ ಮಾಡಿಕೊಟ್ಟಳು. ಅಷ್ಟೇ ಅವಳ ಸಿಟ್ಟು.

ಡಾಕ್ಟರಮ್ಮ ಅವಳನ್ನು ಚಿಕ್ಕಂದಿನಿಂದ ಬಲ್ಲವರು. ಒಳ್ಳೆಯ ಜಾಗದ ಸಂಗತಿಯನ್ನೇ ಮೊದಲು ಹೇಳಿದರು.

"ಆ ಕೊಂಡಿ ಹೇಗೆ ಕಟ್ಟಬೇಕು ಅನ್ನೋ ಬರಹ ಮೈಯ ಪ್ರತಿ ಜೀವಕೋಶದಲ್ಲೂ ಇರುತ್ತೆ. ನಿನ್ನದರಲ್ಲಿ ಅದು ತಪ್ಪಿದೆ. ಆದ್ರೆ ನೀನು ಹೊಟ್ಟೆಯಲ್ಲಿದ್ದಾಗಲೋ ಏನೋ, ಒಂದೇ ಒಂದು ಜೀವಕೋಶ ಅದನ್ನ ನಕಲು ಮಾಡುವಾಗ ಇನ್ನೊಂದು ಸಣ್ಣ ಬದಲಾವಣೆ ಆಗಿಬಿಟ್ಟಿದೆ. ಅದರಿಂದ ಮೊದಲಿನ ತಪ್ಪು ಸರಿಹೋಯ್ತು. ಆ ಒಂದು ಕೋಶದ ಮಕ್ಕಳು ಮೊಮ್ಮಕ್ಕಳೇ ಈ ಅಂಗೈಯಗಲ. ಅಪರೂಪಕ್ಕೆ ಹೀಗಾಗುತ್ತೆ, ತಾನಾಗೇ."

"ತಪ್ಪಿದ ಸಾಲನ್ನ ಮತ್ತೆ ಸರಿಯಾಗಿ ಓದಿದ ಹಾಗೆ" ಎಂದಳು ಅವಳು.

"ಹಾಗೇ ಅಂದ್ಕೋ."

ಅವಳು ಪಟ್ಟಿ ಕಟ್ಟಿದ ಕೈಯನ್ನು ನೋಡುತ್ತ ಕುಳಿತಳು. "ಹಾಗಾದ್ರೆ ಅಮ್ಮ ಹಿಡಿದದ್ದರಿಂದ ಅಲ್ಲ."

ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. "ಅಲ್ಲ."

ಅವಳ ಗಲ್ಲ ಅದುರಿದ್ದನ್ನು ಬಡಗಿ ಕಂಡ. ಬೆನ್ನಿನ ಗಾಯಕ್ಕೂ ಅಳದವಳು ಅವಳು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹುಟ್ಟಿದ ಕೂಸು, ಎಲ್ಲಿ ಮುಟ್ಟಿದ್ರೂ ಚೀರೋದು. ಆಗ ಆ ಜಾಗ ಬೆರಳ ತುದಿಯಷ್ಟು ಇದ್ದಿರಬಹುದು. ಎಲ್ಲಿ ಹಿಡಿದ್ರೆ ಈ ಮಗು ಅಳಲ್ಲ ಅಂತ ನಿಮ್ಮಮ್ಮ ಮೈಯೆಲ್ಲ ಹುಡುಕಿರಬೇಕು. ಜಾಗ ಅವರು ಮಾಡಿದ್ದಲ್ಲ ಕಣಮ್ಮ. ಹುಡುಕಿದ್ದು."

ಆಮೇಲೆ ಡಾಕ್ಟರಮ್ಮ ಕನ್ನಡಕ ಹಾಕಿಕೊಂಡು ಎರಡನೆಯ ಸಂಗತಿ ಹೇಳಿದರು. ಈ ಜಾಗದ ಚೂರುಗಳನ್ನು ಬೆನ್ನಿನ ಗಾಯಕ್ಕೆ ನೆಟ್ಟು ನೋಡಬೇಕು ಎಂದುಕೊಂಡಿದ್ದರಂತೆ. ಈಗ ಅದರಿಂದ ಪ್ರಯೋಜನವಿಲ್ಲ. ವರ್ಷಗಟ್ಟಲೆ ಒಣಗದ ಗಾಯದಲ್ಲಿ ಬೆಳೆಯಬಾರದ್ದು ಬೆಳೆದಿತ್ತು. ಕ್ಯಾನ್ಸರ್. ಒಳಗೆ ಇಳಿದೂ ಆಗಿತ್ತು.

ಹೊರಗೆ ಬಂದ ಮೇಲೆ ಚಿಕ್ಕಮ್ಮ ಔಷಧಿ ತರುವ ನೆಪದಲ್ಲಿ ಕಂಬದ ಮರೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನಿಮ್ಮಮ್ಮ ಹುಡುಕಿದ್ದನ್ನ ನಾನು ಬಂದು ಕೆಡಿಸಿದೆ" ಎಂದ ಬಡಗಿ.

"ಕೆಡಿಸಿಲ್ಲ. ಜಾಗ ಹಾಗೇ ಇದೆ, ಆಚೆ ಅಂಚಿಗೆ ಗಾಯ ಆಗಿದ್ದು" ಎಂದಳು ಅವಳು. ಸ್ವಲ್ಪ ತಡೆದು, "ನೀವೂ ಹುಡುಕೋಕೇ ತಾನೆ ಹೋಗಿದ್ದು?"

ಅವಳು ಗೂಡಿನಲ್ಲಿ ಕುಳಿತು ಓದುತ್ತಿದ್ದ ಪುಸ್ತಕವನ್ನು ಮುಗಿಸಿದಳು. ಸಾಲುಗಳು ಈಗ ಅವನು ನೋಡದಿದ್ದರೂ ತಪ್ಪುತ್ತಿದ್ದವು. ಉಸಿರು ಸಾಲುತ್ತಿರಲಿಲ್ಲ. ಮುಗಿಸಿದ ಮೇಲೆ ಆಸ್ಪತ್ರೆಗೆ ಸೇರಿಸಬೇಕಾಯಿತು.

ಡ್ರಿಪ್ ಹಾಕಲು ಸಿಸ್ಟರ್ ಬಂದು ಕೈಯೆಲ್ಲ ನೋಡಿದಳು. ಸೂಜಿಯೇನೋ ಹೋದೀತು, ಅದನ್ನು ಹಿಡಿದಿಡುವ ಪ್ಲಾಸ್ಟರ್ ಎಲ್ಲಿ ಅಂಟಿಸುವುದು? ಕಿತ್ತರೆ ಚರ್ಮವೇ ಬರುವ ಮೈ. ಕೊನೆಗೆ ಎಡಗೈಯ ಒಳಮೈ ನೋಡಿ ಅವಳ ಮುಖ ಅರಳಿತು. "ಅಬ್ಬಾ, ಇಲ್ಲಿ ನಿಲ್ಲುತ್ತೆ."

ನಿಂತಿತು. ಸೂಜಿ, ಕೊಳವೆ, ಅಡ್ಡಡ್ಡ ಪ್ಲಾಸ್ಟರು. ಅಂಗೈಯಗಲವೂ ತುಂಬಿಹೋಯಿತು.

ಬಡಗಿ ಮಂಚದ ಪಕ್ಕದಲ್ಲಿ ತನ್ನ ಎರಡು ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಕೂರುತ್ತಿದ್ದ. ಸುಮ್ಮನಿರಲಾರದೆ ಜೇಬಿನಿಂದ ಉಪ್ಪುಕಾಗದ ತೆಗೆದು ಪಕ್ಕದ ಮೇಜಿನ ಮೂಲೆ ಉಜ್ಜತೊಡಗಿದ. ಸಿಸ್ಟರ್ ಓಡಿಬಂದು, "ಅದು ಆಸ್ಪತ್ರೆ ಮೇಜು ಕಣ್ರೀ" ಎಂದಳು.

"ಬಿಡಿ ಸಿಸ್ಟರ್" ಎಂದಳು ಅವಳು ದಿಂಬಿನಿಂದ. "ಇವರ ಬಾಡಿಗೆ ಜಾಗ ನೀವು ಕಿತ್ಕೊಂಡಿದೀರಿ. ಮನುಷ್ಯ ಬೀದಿಗೆ ಬಿದ್ದಿದಾರೆ."

ದಿನಗಳು ಹಾಗೇ ಹೋದವು. ಒಂದು ಮಧ್ಯಾಹ್ನ ಕಿಟಕಿಯ ಬಿಸಿಲು ಹಾಸಿಗೆಯ ಅಂಚಿಗೆ ಬಂದಾಗ ಅವನು ನೆಲ ನೋಡುತ್ತ ಹೇಳಿದ.

"ಒಂದು ಮಂಚ ಮಾಡಿದೀನಿ."

"ಯಾರಿಗೆ?"

"ಮೂಲೆಯೇ ಇಲ್ಲ ಅದಕ್ಕೆ. ಸುತ್ತ ಎಲ್ಲೂ ಇಲ್ಲ."

"ಯಾರಿಗೆ ಅಂದೆ."

"ಇಬ್ಬರಿಗೆ."

ಅವಳು ಕಣ್ಣು ಮುಚ್ಚಿದಳು. ರೆಪ್ಪೆಯ ಕೆಳಗಿನಿಂದ ನೀರು ಇಳಿಯಿತು. ಅದನ್ನು ಒರೆಸುವಂತಿರಲಿಲ್ಲ. ಉಜ್ಜಿದರೆ ಅಲ್ಲೂ ಗಾಯ. ಅದು ತಾನಾಗಿ ಆರುವವರೆಗೆ ಅವನು ಕಾದ.

"ಕೆನ್ನೆ ಇಟ್ಟು ನೋಡಿದೀರಾ?"

"ನೋಡಿದೀನಿ."

"ನನ್ನ ಕಡೆಯದನ್ನೂ?"

"ನಿಮ್ಮ ಕಡೆಯದನ್ನೇ ಮೊದಲು."

ಸಂಜೆ ಡಾಕ್ಟರಮ್ಮ ಬಂದಾಗ ಅವಳು ಕೇಳಿದಳು. "ಈ ಡ್ರಿಪ್ ನನ್ನನ್ನ ಗುಣ ಮಾಡುತ್ತಾ?"

"ಇಲ್ಲಮ್ಮ. ಸ್ವಲ್ಪ ದಿನ ಹೆಚ್ಚಿಗೆ ಕೊಡುತ್ತೆ. ನೋವಿನ ಔಷಧಿ ಬೇಕಾದ್ರೆ ನಾಲಿಗೆ ಕೆಳಗೂ ಹನಿ ಹಾಕಬಹುದು."

"ಹಾಗಾದ್ರೆ ಇದನ್ನ ತೆಗೆದುಬಿಡಿ. ಆ ಜಾಗ ನನಗೆ ಬೇಕು."

ಬಡಗಿ ಎದ್ದು ನಿಂತ. "ಬೇಡ. ದಿನ ಹೆಚ್ಚಿಗೆ ಸಿಗುತ್ತಂತಲ್ಲ, ಇರ್ಲಿ. ನಾನು ಸುಮ್ಮನೆ ಪಕ್ಕದಲ್ಲಿ ಕೂತಿರ್ತೀನಿ."

"ಕೂತು ಏನು ಮಾಡ್ತೀರಿ? ಆಸ್ಪತ್ರೆ ಮೇಜೆಲ್ಲ ಬೋಳು ಮಾಡ್ತೀರಾ?" ಅವಳ ದನಿ ಗಾಳಿಯಷ್ಟಾಗಿತ್ತು. ಆದರೂ ಇನ್ನೊಂದು ಮಾತು ಆಡಲಿ ಎನಿಸುವ ಹಾಗೇ ಇತ್ತು. "ಯಾರೂ ಹಿಡಿಯದೆ ಇರೋ ದಿನಗಳು ನನ್ನ ಹತ್ತಿರ ಬೇಕಾದಷ್ಟು ಆಗಿಹೋಗಿವೆ. ಇನ್ನಷ್ಟು ತಗೊಂಡು ಏನು ಮಾಡ್ಲಿ? ಮನೆಗೆ ಹೋಗೋಣ. ಮಂಚ ನೋಡ್ಬೇಕು ನಾನು."

ಡಾಕ್ಟರಮ್ಮ ಚಿಕ್ಕಮ್ಮನ ಮುಖ ನೋಡಿದರು. ಚಿಕ್ಕಮ್ಮ ತಲೆಯಾಡಿಸಿದಳು. ಸಿಸ್ಟರ್ ಪ್ಲಾಸ್ಟರನ್ನು ಕಿತ್ತಳು. ಚರ್ಮ ಬರಲಿಲ್ಲ. ನುಣ್ಣಗೆ, ಸ್ವಲ್ಪ ಕೆಂಪಗೆ, ಅಲ್ಲೇ ಇತ್ತು. ನಡುವೆ ಸೂಜಿಯ ಒಂದು ಚುಕ್ಕೆ.

ಮಂಚವನ್ನು ಗೂಡಿನ ಪಕ್ಕದಲ್ಲೇ ಹಾಕಿದರು. ಅವಳನ್ನು ಮಲಗಿಸುವಾಗ ಚಿಕ್ಕಮ್ಮ ಮಂಚದ ಅಂಚನ್ನು ಸವರಿ, "ಏನಪ್ಪಾ, ಬೆಣ್ಣೆ ಕಡೆದಿದೀಯ" ಎಂದಳು. ಆಮೇಲೆ, ಅಡುಗೆಮನೆಯಲ್ಲಿ ಯಾವ ಕೆಲಸವೂ ಇಲ್ಲದಿದ್ದರೂ, ಕೆಲಸವಿದೆ ಎಂದು ಎದ್ದು ಹೋದಳು.

ಬೆಳಗಿನ ಬಿಸಿಲು ಗೂಡಿನ ಗಾಜಿನ ಕಿಂಡಿಗೆ ಬಿದ್ದು ಮಂಚದ ಮೇಲೆ ಒಂದು ಬೆಳಕಿನ ಚೌಕವಾಗಿತ್ತು. ಬಡಗಿ ತನ್ನ ಕಡೆಯಲ್ಲಿ ಕುಳಿತು, ಮೆತ್ತಗೆ ಮಾಡಿಕೊಂಡ ಅಂಗೈಯನ್ನು ಚಾಚಿದ.

"ಕೈ ಬೇಡ" ಎಂದಳು ಅವಳು. "ಕೆನ್ನೆ ಇಡಿ."

ಅವನು ಬಾಗಿದ. ಅವಳ ತೋಳನ್ನು ಅಲುಗಿಸದೆ, ಅಮ್ಮನ ಜಾಗದ ಮೇಲೆ ಕೆನ್ನೆಯಿಟ್ಟ. ಕಣ್ಣು ಮುಚ್ಚಿದ. ನಾಡಿ ಸಣ್ಣಗೆ, ದೂರದಿಂದ ಬಂದು ಮುಟ್ಟುತ್ತಿತ್ತು.

"ಎಲ್ಲಾದ್ರೂ ಚುಚ್ಚುತ್ತಾ?"

ಇಲ್ಲ ಎನ್ನಬೇಕೆಂದುಕೊಂಡ. ಆದರೆ ಕೆನ್ನೆ ಸುಳ್ಳು ಹೇಳುವುದಿಲ್ಲ ಎಂದವನು ತಾನೇ.

"ಒಂದು ಕಡೆ. ಸೂಜಿ ಇತ್ತಲ್ಲ, ಅಲ್ಲಿ ಚೂರು ಹಕ್ಕಳೆ."

"ಅದು ಒಣಗುತ್ತೆ ಬಿಡಿ" ಎಂದಳು. "ಅಲ್ಲಿ ಗಾಯ ಒಣಗುತ್ತೆ."

ಒಣಗಿತು. ಹಕ್ಕಳೆ ತಾನಾಗಿ ಉದುರಿ, ಕೆಳಗೆ ಕಲೆಯೂ ಇಲ್ಲದೆ ಹೊಸ ಚರ್ಮ ಬಂದದ್ದನ್ನು ಅವನು ಒಂದು ಬೆಳಗ್ಗೆ ಕೆನ್ನೆಯಲ್ಲೇ ತಿಳಿದು, ಅವಳಿಗೆ ಹೇಳಿದ. ಅದನ್ನು ಕೇಳಿಸಿಕೊಳ್ಳುವವರೆಗೆ ಅವಳಿದ್ದಳು.